ಪ್ರತಿಯಿಲ್ಲದ ಪದ್ಯ

೧೭೮೩ರ ನವೆಂಬರ್ ೧೮, ಮಂಗಳವಾರ, ಬೆಳಿಗ್ಗೆ ಒಂಬತ್ತಕ್ಕೆ ನ್ಯೂಯಾರ್ಕಿನ ಬಂದರು ಠಾಣೆಗೆ ದೂರು ಬಂತು. ದೂರುದಾರ ಆಂಬ್ರೋಸ್ ಥ್ರಾಲ್, ಅಮೆರಿಕದ ಸ್ವಾತಂತ್ರ್ಯ ಯುದ್ಧದುದ್ದಕ್ಕೂ ಇಂಗ್ಲೆಂಡಿನ ದೊರೆಯ ಪರ ಪತ್ರಿಕೆ ಅಚ್ಚು ಹಾಕಿದವನು. ಕೈಯಲ್ಲಿ ಅವನದೇ ಅಚ್ಚುಕೂಟದ ಬಾಗಿಲಿನಿಂದ ಕಿತ್ತ ಹಾಳೆಯಿತ್ತು.

ದೊರೆಗೆ ಜಯವೆಂದ ಮಸಿ ಇನ್ನೂ ಆರಿಲ್ಲ,
ಪ್ರಜೆಗೆ ಜಯವೆನ್ನಲು ನಾಚಿಕೆ ತೋರಿಲ್ಲ;
ಸತ್ತ ಕೈದಿಗೂ ಆರೋಗ್ಯ ಅಚ್ಚು ಹಾಕಿ ಕೊಟ್ಟ
ವೈದ್ಯನ ತಲೆಗೆ ಬನ್ನಿ, ಕಟ್ಟೋಣ ಪಟ್ಟ.

ಕಿರಿಯ ಕಾನ್‌ಸ್ಟೇಬಲ್ ಪೆಲೆಗ್ ಕೆಮ್ಮಿದಂತೆ ಮಾಡಿ ನಗು ನುಂಗಿದ.

"ನಗಪ್ಪಾ, ನಗು! ಇದು ನಾಲ್ಕನೇದು. ಮುಂದಿನ ಮಂಗಳವಾರ ದೊರೆ ಸೈನ್ಯ ಹಡಗು ಹತ್ತುತ್ತೆ. ಆಮೇಲೆ ಇದನ್ನೋದಿದ ಜನ ನನ್ನ ಮೈಗೆ ಡಾಂಬರು ಬಳಿದು ಗರಿ ಅಂಟಿಸ್ತಾರೆ. ಅಷ್ಟರೊಳಗೆ ಇದನ್ನ ಬರೆದವನು ಸಿಗಬೇಕು."

ಥ್ರಾಲ್ ಹೋದ ಮೇಲೆ ಪೆಲೆಗ್ ಕೇಳಿದ: "ಅಣ್ಣಾ, ದೂರು ಯಾರ ಹೆಸರಲ್ಲಿ ದಾಖಲಿಸಲಿ? ದೊರೆಯದಾ, ಹೊಸ ಸರ್ಕಾರದ್ದಾ?"

ಹಿರಿಯ ಕಾನ್‌ಸ್ಟೇಬಲ್ ಟ್ಯೂನಿಸ್ ಬ್ರೌವರ್‌ಗೂ ಗೊತ್ತಿರಲಿಲ್ಲ. ಹದಿನೈದು ವರ್ಷದ ನೌಕರಿಯಲ್ಲಿ ಇಂಥ ಪ್ರಶ್ನೆ ಬಂದಿರಲಿಲ್ಲ. "ಹೆಸರಿನ ಜಾಗ ಖಾಲಿ ಬಿಡು," ಎಂದ.

ಹತ್ತೂವರೆಗೆ ಅಚ್ಚುಕೂಟದ ಪಂಚನಾಮೆ ನಡೆಯಿತು. ಹಾಳೆಯಲ್ಲಿ ಸೀಳಿ ಮೂಡಿದ್ದ ಅಕ್ಷರವೊಂದರ ಅಚ್ಚುಮೊಳೆ ಥ್ರಾಲನ ಪೆಟ್ಟಿಗೆಯಲ್ಲೇ ಸಿಕ್ಕಿತು. ಪದ್ಯ ಅವನದೇ ಯಂತ್ರದಲ್ಲಿ ಅಚ್ಚಾಗಿತ್ತು! ಥ್ರಾಲನಲ್ಲದೆ ಬೀಗದ ಕೈ ಇದ್ದದ್ದು ಮೂವರ ಬಳಿ: ಯಂತ್ರ ಎಳೆಯುವ ಇಬ್ಬರು ಗಂಡಸರು, ಮೊಳೆ ಜೋಡಿಸುವ ವಿಧವೆ ಕೆಜಾಯಾ ಪ್ರೈಯರ್. ಪದ್ಯವೆಂದ ಮೇಲೆ ಕೈಬರಹದ ಪ್ರತಿ ಇರಲೇಬೇಕು. ಕಸದ ಬುಟ್ಟಿ, ಒಲೆಯ ಬೂದಿ, ಎಲ್ಲ ಜಾಲಾಡಿದರೂ ಸಿಗಲಿಲ್ಲ.

ಬ್ರೌವರ್ ಮೂವರಿಂದಲೂ ಬರಹದ ಮಾದರಿ ಕೇಳಿದ. ಕೆಜಾಯಾ ಲೇಖನಿಯನ್ನು ಮುಷ್ಟಿಯಲ್ಲಿ ಹಿಡಿದು ಒಂದು ಅಡ್ಡಗೀಟು, ಒಂದು ಉದ್ದಗೀಟು ಎಳೆದಳು.

"ಬರೆಯೋಕೆ ಬರೋದಿಲ್ವೇನಮ್ಮಾ?"

"ಇಲ್ಲ ಸ್ವಾಮಿ. ಹೆಣ್ಮಕ್ಕಳಿಗೆ ಬೈಬಲ್ ಓದೋಕೆ ಬಂದ್ರೆ ಸಾಕು ಅಂದ್ರು. ಓದು ಕಲಿಸಿದ್ರು, ಬರಹ ಕಲಿಸಲಿಲ್ಲ."

ಬ್ರೌವರ್ ಅವಳ ಹೆಸರು ಹೊಡೆದುಹಾಕಿ ಗಂಡಸರಿಬ್ಬರನ್ನೂ ಠಾಣೆಯಲ್ಲಿ ಕೂರಿಸಿದ. ಗುರುವಾರ ಬೆಳಿಗ್ಗೆ ಥ್ರಾಲನ ಬಾಗಿಲಲ್ಲಿ ಐದನೇ ಪದ್ಯವಿತ್ತು.

"ಇವರಿಬ್ಬರೂ ಇಲ್ಲೇ ಗೊರಕೆ ಹೊಡೀತಿದ್ರಲ್ಲಣ್ಣಾ!" ಎಂದ ಪೆಲೆಗ್.

ಬ್ರೌವರ್‌ಗೆ ತಲೆಬುಡ ತಿಳಿಯಲಿಲ್ಲ. ಇಬ್ಬರನ್ನೂ ಬಿಟ್ಟು ಕಳಿಸಿ, ಹನ್ನೊಂದಕ್ಕೆ ಮತ್ತೆ ಅಚ್ಚುಕೂಟಕ್ಕೆ ಹೋಗಿ ಗೋಡೆಗೊರಗಿ ನಿಂತ. ಕೆಜಾಯಾ ಊರು ಬಿಡುವವರ ಮೇಜು ಕುರ್ಚಿಗಳ ಹರಾಜಿನ ಪ್ರಕಟಣೆ ಜೋಡಿಸುತ್ತಿದ್ದಳು. ಬೆರಳುಗಳು ಮೊಳೆ ಹೆಕ್ಕುತ್ತಿದ್ದವು, ಸಾಲು ಬೆಳೆಯುತ್ತಿತ್ತು. ನೋಡಿ ಜೋಡಿಸಲು ಪ್ರತಿ ಸಿಕ್ಕಿಸುವ ಎದುರಿನ ಹಲಗೆ ಮಾತ್ರ ಖಾಲಿ.

"ಪ್ರತಿ ಎಲ್ಲಮ್ಮಾ?"

"ಯಜಮಾನ್ರು ಬಾಯಲ್ಲಿ ಹೇಳಿದ್ರು. ತಲೇಲಿದೆ."

ಬ್ರೌವರ್ ಗೋಡೆ ಬಿಟ್ಟು ಹತ್ತಿರ ಬಂದ. "ಪದ್ಯಾನೂ ತಲೇಲೇ ಇತ್ತಾ?"

ಬೆರಳುಗಳು ನಿಂತವು. "ನೀವು ಅದನ್ನ ಕೇಳಲೇ ಇಲ್ವಲ್ಲ. ಬರೆಯೋಕೆ ಬರುತ್ತಾ ಅಂದ್ರಿ. ಬರಲ್ಲ ಅಂದೆ."

ದಸ್ತಗಿರಿ ಹನ್ನೊಂದೂಕಾಲಕ್ಕೆ. ಇನ್ನು ಐದು ದಿನ ಕಳೆದಿದ್ದರೆ ಇದೇ ಜನ ಅವಳನ್ನು ಹೊತ್ತು ಮೆರೆಸುತ್ತಿದ್ದರೇನೋ. ಇಂದು ಅವಳು ದೊರೆಯ ಸೆರೆಮನೆಗೇ ಹೋಗಬೇಕು. ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಬ್ರೌವರ್‌ಗೆ ಹೊಳೆಯಲಿಲ್ಲ.

ಠಾಣೆಯಲ್ಲಿ ಅವಳು ಹೇಳಿದ್ದನ್ನು ಅವನೇ ಬರೆದುಕೊಂಡ. ಮಗ ಎಲಿ, ಹತ್ತೊಂಬತ್ತು ವರ್ಷ, ಬಂಡಾಯದವರ ಕಡೆ ಸೇರಿ ಸಿಕ್ಕಿಬಿದ್ದು, ಕೊಲ್ಲಿಯಲ್ಲಿ ನಿಂತ ಸೆರೆಹಡಗಿನಲ್ಲಿದ್ದ. ಒಂದು ಫೆಬ್ರವರಿಯಲ್ಲಿ ಥ್ರಾಲ್ ಸುದ್ದಿ ಕೊಟ್ಟ: ಹಡಗಿನ ಕೈದಿಗಳೆಲ್ಲ ಆರೋಗ್ಯವಾಗಿದ್ದಾರೆ. ಅವಳು ಅದನ್ನು ಜೋಡಿಸಿದಳು, ಸಂತೋಷದಿಂದಲೇ. ಎಲಿ ಸತ್ತು ಆಗಲೇ ಆರು ದಿನವಾಗಿತ್ತು.

"ಅದಕ್ಕೇ ಥ್ರಾಲ್‌ನ ಅಣಕಿಸಿದ್ಯಾ?"

"ಯಾವ ಪದ್ಯದಲ್ಲಾದ್ರೂ ಅವರ ಹೆಸರಿದೆಯಾ, ನೋಡಿ ಸ್ವಾಮಿ," ಎಂದಳು ಕೆಜಾಯಾ. "ಆರೋಗ್ಯವಾಗಿದ್ದಾರೆ ಅನ್ನೋ ಸಾಲು ಅವರು ಹೇಳಿದ್ರು. ಸತ್ತ ಮಗನಿಗೆ ಅದನ್ನ ಅಚ್ಚಿಗೆ ಜೋಡಿಸಿಕೊಟ್ಟ ವೈದ್ಯ ನಾನು."