ಸೆಟ್ ಪದಕ್ಕೆ ಇನ್ನೊಂದು ಅರ್ಥ

“ರೀ, ಅಂಕಣದಿಂದ ಆಚೆ ಹೋಗ್ರೀ! ಆಟ ನಡೀತಿದೆ, ಕಾಣಿಸಲ್ವಾ?”

ವಾಲಿಬಾಲ್ ಕೋಚ್ ಗುಡುಗಿದ ರಭಸಕ್ಕೆ ಅವಳ ಜೀವ ಬಾಯಿಗೆ ಬಂತು. ಆದರೂ ಅಲ್ಲಾಡಲಿಲ್ಲ.

“ನಾನು ನಿಘಂಟು ಕಚೇರಿಯವಳು. ಸೆಟ್ ಅನ್ನೋ ಇಂಗ್ಲಿಷ್ ಪದಕ್ಕೆ ನಿಮ್ಮ ಆಟದಲ್ಲಿ ಏನರ್ಥ? ಹೇಳಿ, ಹೋಗ್ತೀನಿ!”

ಅವನು ಕಣ್ಣು ಕಣ್ಣು ಬಿಟ್ಟ. ಆಮೇಲೆ ನಕ್ಕೇಬಿಟ್ಟ.

ಅವಳಾದರೂ ಏನು ಮಾಡಿಯಾಳು! ಕಪ್ಪು-ಬಸಿಗಳ ಜೋಡಿಯೂ ಸೆಟ್, ನಾಟಕದ ರಂಗಸಜ್ಜಿಕೆಯೂ ಸೆಟ್, ಅಲಾರಂ ಇಟ್ಟರೂ ಸೆಟ್, ಸಿಮೆಂಟು ಗಟ್ಟಿಯಾದರೂ ಸೆಟ್! ಇನ್ನು ಇಲ್ಲಿ ಆಟದ ಒಂದು ಸುತ್ತೂ ಸೆಟ್ಟೇ. ಜೊತೆಗಾರ ಹೊಡೆಯಲೆಂದು ಚೆಂಡನ್ನು ಮೆತ್ತಗೆ ಮೇಲೆತ್ತಿ ಕೊಡುವುದೂ ಸೆಟ್ಟೇ. ಅದನ್ನು ಅವನು ಚೆಂಡು ಹಿಡಿದೇ ತೋರಿಸಿದ. ಅವಳು ವಾರ ವಾರವೂ ಬಂದಳು. ಅರ್ಥಗಳು ಮುಗಿಯುತ್ತ ಬಂದವು, ಮಾತು ಮುಗಿಯಲಿಲ್ಲ.

“ಇನ್ನೊಂದಿದೆ,” ಎಂದ ಒಂದು ಸಂಜೆ. “ಆಟ ಮುಗಿದ ಮೇಲೆ ಬಲೆ ಮಡಿಸಿಡೋದಕ್ಕೂ ಸೆಟ್ ಅಂತೀವಿ.”

ಅವಳು ಬರೆದುಕೊಂಡಳು.

ನಿಘಂಟಿನ ಸಂಪಾದಕರು ಅವಳ ದೊಡ್ಡಪ್ಪನೇ. ನಾಲ್ಕಾರು ಕೋಚುಗಳಿಗೆ ಫೋನು ಮಾಡಿ ವಿಚಾರಿಸಿದ ಅವರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಈ ಅರ್ಥ ಯಾರೂ ಕೇಳಿಲ್ವಂತೆ ಕಣಮ್ಮ. ನಿಘಂಟಲ್ಲಿ ಒಂದು ಸುಳ್ಳು ಸೇರಿದ್ರೆ ಉಳಿದಿದ್ದನ್ನೂ ಜನ ನಂಬಲ್ಲ. ಆ ಹುಡುಗ ನಿನ್ನ ಆಟ ಆಡಿಸಿದಾನೆ. ಇನ್ನು ಅವನ ಹತ್ತಿರ ಹೋಗ್ಬೇಡ.”

ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ‘ಇಷ್ಟು ದಿನವೂ ನನ್ನನ್ನು ಗೇಲಿ ಮಾಡುತ್ತಿದ್ದನೇ...?’

ದೊಡ್ಡಪ್ಪನ ಮಾತು ಮೀರಿ ನೇರ ಅಂಕಣಕ್ಕೇ ಹೋದಳು.

“ಸುಳ್ಳು ಹೇಳಿದ್ರಲ್ಲ! ಅಂಥ ಅರ್ಥಾನೇ ಇಲ್ಲ ಅಂದ್ರು ನಮ್ಮ ಸಂಪಾದಕರು, ನನ್ನ ದೊಡ್ಡಪ್ಪ. ಮೂರು ಕಡೆ ವಿಚಾರಿಸದೆ ಒಂದು ಅರ್ಥಾನೂ ಬರೆದವಳಲ್ಲ ನಾನು. ನೀವು ಹೇಳಿದ್ರಿ ಅಂತ... ಯಾರನ್ನೂ ಕೇಳದೆ ಬರ್ಕೊಂಡೆ!”

ಅವನ ಮುಖ ಬಾಡಿಹೋಯಿತು.

“ನಿಜವಾದ ಅರ್ಥಗಳೆಲ್ಲ ಮುಗಿದಿದ್ವು. ಮುಗಿದ್ರೆ ನೀವು ಬರಲ್ಲ ಅನ್ನೋ ಭಯ... ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ತಪ್ಪಾಯ್ತು.”

ಅವಳ ಕೋಪ ಇಳಿಯಿತು.

“ಬಾಯಿಬಿಟ್ಟು ಬನ್ನಿ ಅಂದಿದ್ರೆ ಆಗ್ತಿರ್ಲಿಲ್ವಾ?”

“ಬರ್ತಿದ್ರಾ?”

“ಪದ ಗಿದ ಏನೂ ಇಲ್ದೇನೂ ಬರ್ತಿದ್ದೆ...” ಅಂದವಳು ತಾನೇ ನಾಚಿ ತಲೆ ತಗ್ಗಿಸಿದಳು.

ಅವನು ಎರಡು ಹೆಜ್ಜೆ ಹತ್ತಿರ ಬಂದ. “ನಿಮ್ಮ ದೊಡ್ಡಪ್ಪನ ಮುಂದೆ ನಾನೇ ತಪ್ಪೊಪ್ಪಿಕೊಳ್ತೀನಿ. ನಿಮ್ಮ ಹುಡುಗೀನ ಇಷ್ಟಪಟ್ಟೆ, ಅದಕ್ಕೇ ಸುಳ್ಳು ಹೇಳ್ದೆ ಅಂತೀನಿ.”

“ಅವರು ಸುಮ್ಮನೆ ನಂಬೋರಲ್ಲ. ಇದಕ್ಕೆ ಸಾಕ್ಷಿ ಯಾರು ಅಂತಾರೆ.”

“ಯಾರನ್ನ ಕರ್ಕೊಂಡು ಬರ್ಲಿ?”

ಅವಳು ಅವನ ಕೈ ಹಿಡಿದಳು.

“ನಾನಿದ್ದೀನಲ್ಲ... ನಡೀರಿ!”