ನರಳದ ಗಟ್ಟಿ

ಮಣಿಗಿರಿಯ ಕಂಚುಗಾರರ ಬೀದಿಯಲ್ಲಿ ಹನ್ನೆರಡು ದಿನಗಳಿಂದ ಸುತ್ತಿಗೆಯ ಸದ್ದಿರಲಿಲ್ಲ. ಏಳು ಸುತ್ತಿನ ಕೋಟೆಯ ಬುರುಜುಗಳ ಮೇಲೆ ಧ್ವಜಗಳು ಹಾರುತ್ತಿದ್ದವು; ಪೇಟೆಯಲ್ಲಿ ಮೆಣಸು, ಪಟ್ಟೆ, ಶ್ರೀಗಂಧದ ಹೊರೆಗಳು ಎಂದಿನಂತೆ ಇಳಿಯುತ್ತಿದ್ದವು; ಆದರೆ ಯಾರೂ ದನಿಯೆತ್ತಿ ಮಾತನಾಡುತ್ತಿರಲಿಲ್ಲ. ರಾಣಿ ಹೊನ್ನಾಜಮ್ಮನವರ ಉದರವನ್ನು ಶೂಲೆ ಹಿಂಡುತ್ತಿತ್ತು. ಬಲಗೈ ಮಣಿಕಟ್ಟಿನಿಂದ ಜೋತುಬಿದ್ದಿತ್ತು. ಸಹಿ ಮಾಡಲಾರದ ರಾಣಿಯ ರಾಜಮುದ್ರೆಯನ್ನು ದಳವಾಯಿ ಸಿಂಗರಸಯ್ಯನು ಆಗಲೇ ತನ್ನ ವಶಕ್ಕೆ ಬೇಡಿದ್ದನು.

ಹದಿಮೂರನೆಯ ಮುಂಜಾನೆ ಅರಮನೆಯ ಲೋಹಪರೀಕ್ಷಕ ಮಾಯಣಾಚಾರಿಗೆ ಆಸ್ಥಾನದಿಂದ ಕರೆ ಬಂದಿತು. ಪಾಕಶಾಲೆಯ ತಾಮ್ರದ ಪಾತ್ರೆಗಳ ಕಲಾಯಿಯ ಮೇಲೆ ರಾಜವೈದ್ಯ ಶ್ರೀಪತಿ ಪಂಡಿತರಿಗೆ ಸಂಶಯ ಹುಟ್ಟಿತ್ತು. ಕಲಾಯಿಗೆ ಬಳಸಿದ್ದ ಲೋಹದ ಗಟ್ಟಿಯೊಂದು ಸಭೆಯ ನಡುವೆ ಹಲಗೆಯ ಮೇಲಿತ್ತು. ಅದರ ಮೇಲೆ ಮಾಯಣಾಚಾರಿಯದೇ ಮುದ್ರೆ.

ಮೂರು ತಿಂಗಳ ಹಿಂದೆ ದಳವಾಯಿಯ ಆಳುಗಳು ತವರವೆಂದು ಹದಿನಾರು ಗಟ್ಟಿಗಳನ್ನು ತಂದಿದ್ದರು. ನಿಯಮ ಸ್ಪಷ್ಟವಾಗಿತ್ತು: ಮೊದಲು ಬಗ್ಗಿಸಬೇಕು, ಬಳಿಕ ಕಾಯಿಸಬೇಕು, ಅನಂತರವೇ ಮುದ್ರೆ. ಅಂದು ದಳವಾಯಿಯೇ ಬಾಗಿಲಲ್ಲಿ ನಿಂತು, "ನಾನು ತರಿಸಿದ್ದನ್ನೂ ಪರೀಕ್ಷಿಸುವೆಯಾ?" ಎಂದಿದ್ದನು. ಹೆದರಿದ ಕೈ ಮುದ್ರೆ ಒತ್ತಿಬಿಟ್ಟಿತು. ಪರೀಕ್ಷಿಸದೆ ಒತ್ತಿದ ಮುದ್ರೆಗೆ ಆ ರಾಜ್ಯದಲ್ಲಿ ಶಿಕ್ಷೆ ಒಂದೇ. ಒತ್ತಿದ ಕೈಯನ್ನು ಕಡಿಯುವುದು.

"ಆಚಾರಿಗಳೇ, ಇದು ಯಾವ ಲೋಹ?" ಎಂದು ಪಂಡಿತರು ಕೇಳಿದರು.

"ತವರವೆಂದು ಅವನ ಮುದ್ರೆಯೇ ಹೇಳುತ್ತಿದೆಯಲ್ಲ!" ದಳವಾಯಿ ನಕ್ಕನು. "ಏನಯ್ಯ ಮಾಯಣ, ನಿನ್ನ ಕೈ ನಿನಗೇ ಬೇಡವಾಯಿತೆ?"

ಸಭೆ ನಕ್ಕಿತು. ಸಿಂಹಾಸನದಿಂದ ಸಣ್ಣದೊಂದು ನರಳಿಕೆ ಕೇಳಿಸಿತು. ತವರವೆಂದರೆ ಕೈ ಉಳಿಯುತ್ತಿತ್ತು, ರಾಣಿ ಉಳಿಯುತ್ತಿರಲಿಲ್ಲ.

"ಪರೀಕ್ಷೆಗೆ ಅಪ್ಪಣೆಯಾಗಲಿ, ತಾಯಿ," ಎಂದನು ಮಾಯಣಾಚಾರಿ.

ಅವನು ಚೀಲದಿಂದ ಶುದ್ಧ ತವರದ ಕಂಬಿಯೊಂದನ್ನು ತೆಗೆದು ಬಗ್ಗಿಸಿದನು. ಕರಕರನೆ ನರಳಿತು. ಗಟ್ಟಿಯಿಂದ ಅದೇ ಅಳತೆಯ ಕಂಬಿಯನ್ನು ಕಡಿದು ಬಗ್ಗಿಸಿದನು. ಸದ್ದಿಲ್ಲ. ತಕ್ಕಡಿಯಲ್ಲಿ ಎರಡನ್ನೂ ಇಟ್ಟನು. ಗಟ್ಟಿಯ ತುಂಡು ಥಟ್ಟನೆ ಕೆಳಗಿಳಿಯಿತು. ಬಿಳಿಯ ಬಟ್ಟೆಗೆ ಉಜ್ಜಿದಾಗ ಅದು ಕಪ್ಪು ಗೆರೆ ಬಿಟ್ಟಿತು. ಕೆಂಡದ ಮೇಲೆ ತವರದ ಬೂದಿ ಬಿಳುಪಾಯಿತು, ಇದರದು ಹಳದಿಗೆ ತಿರುಗಿತು.

"ಬಗ್ಗಿದರೆ ತವರ ನರಳುತ್ತದೆ, ತಾಯಿ. ಇದು ನರಳುವುದಿಲ್ಲ. ಇದು ಸೀಸ. ಹುಳಿ ತಾಗಿದರೆ ಕರಗಿ ಸಾರಿಗಿಳಿಯುತ್ತದೆ; ಹೊಟ್ಟೆಗೆ ಶೂಲೆ, ಕೈಗೆ ಸೋಲು ತರುವ ವಿಷವಿದು. ಪರೀಕ್ಷಿಸದೆ ಮುದ್ರೆ ಒತ್ತಿದವನು ನಾನೇ."

"ಕಟ್ಟುಕತೆ! ಅದು ತವರವೇ!" ದಳವಾಯಿ ಗರ್ಜಿಸಿದನು.

"ಒಳ್ಳೆಯದಾಯಿತು, ದಳವಾಯಿಗಳೇ," ಎಂದರು ರಾಣಿ. "ಆ ಪಾತ್ರೆಗಳು ನಿಮ್ಮ ಮನೆಗೆ ಹೋಗಲಿ. ನಾಳೆಯಿಂದ ನಿಮ್ಮ ಹುಣಿಸೆಸಾರು ಅವುಗಳಲ್ಲೇ ಕುದಿಯಲಿ. ನಮ್ಮ ಕಾವಲಿನವರ ಎದುರಿಗೆ ಉಣ್ಣಿ."

ದಳವಾಯಿಯು ಒಂದು ಹೆಜ್ಜೆ ಹಿಂದೆ ಸರಿದನು. ಆ ಒಂದು ಹೆಜ್ಜೆ ಸಾಕಾಯಿತು. ಅವನನ್ನು ಅಲ್ಲಿಯೇ ಸೆರೆಹಿಡಿದರು.

ಮಾಯಣಾಚಾರಿಯ ಶಿಕ್ಷೆಯನ್ನೂ ಓಲೆಯಲ್ಲಿ ಬರೆದರು. ಅದಕ್ಕೆ ರಾಣಿಯ ಸ್ವಹಸ್ತದ ಸಹಿ ಬೇಕಿತ್ತು, ಕೈ ಏಳಲಿಲ್ಲ.

"ಕೈ ಬಂದ ದಿನ ಸಹಿಯಾಗುತ್ತದೆ. ಅಲ್ಲಿಯವರೆಗೆ ಕೆಲಸ ಮಾಡು," ಎಂದರು ರಾಣಿ.

ಪಾತ್ರೆಗಳು ಬದಲಾದವು. ಶೂಲೆ ತಗ್ಗಿತು. ರಾಣಿಯವರು ಇಂದು ಹೂವು ಹಿಡಿದರಂತೆ, ಇಂದು ವೀಳ್ಯ ಮಡಿಸಿದರಂತೆ ಎಂದು ನಗರವು ಹಿಗ್ಗಿದಾಗಲೆಲ್ಲ ಮಾಯಣಾಚಾರಿ ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದನು. ಆದರೂ ಒಂದೇ ಒಂದು ಗಟ್ಟಿಯನ್ನು ಅವನು ಬಗ್ಗಿಸದೆ ಬಿಡಲಿಲ್ಲ. ಅವನು ಮುದ್ರೆ ಒತ್ತಿದ ಪ್ರತಿಯೊಂದು ಗಟ್ಟಿಯೂ ರಾಣಿಯ ಬೆರಳುಗಳನ್ನು ಶಿಕ್ಷೆಯ ಓಲೆಯ ಸಮೀಪಕ್ಕೆ ತರುತ್ತಿತ್ತು.

ಐದನೆಯ ತಿಂಗಳು ಕರೆ ಬಂದಿತು. ಅವನು ಅಂಗಿಯ ಬಲತೋಳನ್ನು ಮೊಣಕೈವರೆಗೆ ಮಡಿಸಿಕೊಂಡೇ ಹೋದನು. ರಾಣಿ ಓಲೆಯನ್ನು ಕೊನೆಯವರೆಗೆ ಓದಿ, ಬರೆಯುವ ಕಬ್ಬಿಣದ ಕಂಟ ಹಿಡಿದು ಸಹಿ ಗೀಚಿದರು.

"ಅಪರಾಧ ಸತ್ಯ. ಈ ಕೈ ಇನ್ನು ನಿನ್ನದಲ್ಲ, ಅರಮನೆಯದು. ಅದನ್ನು ಎಲ್ಲಿಡಬೇಕೆಂಬುದು ನಮ್ಮ ಇಚ್ಛೆ."

ಮಾಯಣಾಚಾರಿ ಕಣ್ಣು ಮುಚ್ಚಿದನು.

"ನಿನ್ನ ಹೆಗಲಿನಲ್ಲೇ ಇರಲಿ. ನಾಳೆ ಹೊಸ ಗಟ್ಟಿಗಳು ಬರುತ್ತವೆ. ಬಾಗಿಲಲ್ಲಿ ನಾವೇ ನಿಂತಿದ್ದರೂ ಬಗ್ಗಿಸಿಯೇ ಒತ್ತು."

ಅವನು ಆ ಕೈಯಿಂದ ನೆಲ ಮುಟ್ಟಿ ನಮಸ್ಕರಿಸಿದನು.