ಒಣಹಾಕುವ ದಿನ

2025ರ ಫೆಬ್ರವರಿ 18, ಮಂಗಳವಾರ, ಬೆಳಿಗ್ಗೆ 10.20. ಕೊಟ್ಟೂರು ಠಾಣೆಗೆ ದೂರು ತಂದವರು ಉಜ್ಜಿನಿ ರಸ್ತೆಯಲ್ಲಿ ಕಸದಿಂದ ಕರೆಂಟು ತಯಾರಿಸುವ ಘಟಕದ ಮ್ಯಾನೇಜರ್ ಅರುಣಕುಮಾರ್. ಎರಡು ತಿಂಗಳಲ್ಲಿ ನಾಲ್ಕನೇ ಸಲ ಯಾರೋ ಇಂಧನದ ರಾಶಿಗೆ ನೀರು ಸುರಿದಿದ್ದಾರೆ ಎಂಬುದು ಸಾರಾಂಶ.

ಪಿಎಸ್‌ಐ ಗೀತಾಂಜಲಿಗೆ ಮೊದಲು ನಗು ಬಂತು. ಕಸ ಒದ್ದೆಯಾದರೂ ಎಫ್‌ಐಆರೇ? ಅರುಣಕುಮಾರ್ ನಗಲಿಲ್ಲ. ಪ್ಲಾಸ್ಟಿಕ್ಕು, ಬಟ್ಟೆ, ರಟ್ಟನ್ನು ಕತ್ತರಿಸಿ ಒಣಗಿಸಿದ್ದೇ ಇಂಧನ. ಅದನ್ನು ಕಡಿಮೆ ಗಾಳಿಯಲ್ಲಿ ಕಾಯಿಸಿದರೆ ಗ್ಯಾಸು, ಗ್ಯಾಸಿನಿಂದ ಎಂಜಿನ್ ತಿರುಗಿದರೆ ಕರೆಂಟು. ತೇವ ಹೆಚ್ಚಾದರೆ ಎಲ್ಲ ಬಂದ್ ಎಂದು ಮಗ್ಗಿ ಹೇಳಿಕೊಡುವ ಮಾಸ್ತರರ ಹಾಗೆ ವಿವರಿಸಿದರು.

“ಯಾರ ಮ್ಯಾಲೆ ಅನುಮಾನ?”

“ಭೀಮರಾಜ, ಇಂಧನ ತುಂಬೋನು. ರಜಾ ಕೊಡ್ಲಿಲ್ಲ ಅಂತ ‘ನಿಮ್ಮ ಮಿಷನ್ ನಿಂತು ಹೋಗ್ಲಿ’ ಅಂದಾನ್ರಿ, ಎಲ್ಲಾರ ಮುಂದ. ಇವತ್ತ ಗೇಟಿನಾಗ ತಡದು ವಾಪಸ್ ಕಳಿಸೀನಿ.”

ಬಡವನ ಸಿಟ್ಟು ದವಡೆಗೆ ಮೂಲ. ಕೆಲಸ ಹೋಗಿತ್ತು, ಜೈಲೊಂದೇ ಬಾಕಿ. ಗೀತಾಂಜಲಿ ಎಫ್‌ಐಆರ್‌ನಲ್ಲಿ ‘ಅಪರಿಚಿತರು’ ಎಂದಷ್ಟೇ ಬರೆಸಿ, ದಫೇದಾರ್ ಪಾಲಾಕ್ಷಪ್ಪನೊಂದಿಗೆ ಜೀಪು ಹತ್ತಿದಳು.

11.30ಕ್ಕೆ ಸ್ಥಳ ಪಂಚನಾಮೆ. ಇಂಧನದ ಶೆಡ್ಡಿಗೆ ಕ್ಯಾಮೆರಾ ಇಲ್ಲ. ನಲ್ಲಿ ಹತ್ತು ಹೆಜ್ಜೆ ದೂರ, ಪಕ್ಕದಲ್ಲಿ ಬಕೆಟ್ಟು.

“ಊರಿಗೆ ಬಂದಾಕಿ ನೀರಿಗೆ ಬರದಂಗ ಇರ್ತಾಳೇನ್ರಿ ಮೇಡಂ, ಕಾಯೋಣ,” ಎಂದ ಪಾಲಾಕ್ಷಪ್ಪ.

ಅಂಗಳದಲ್ಲಿ ಹನ್ನೆರಡು ಹೆಂಗಸರು ಒದ್ದೆ ಇಂಧನವನ್ನು ಬಿಸಿಲಿಗೆ ಹರವುತ್ತಿದ್ದರು. ಕೆಲಸಕ್ಕಿಂತ ನಗುವೇ ಜೋರು. ಮಿಷನ್ ಬರುವ ಮೊದಲು ಇಲ್ಲಿ ಕಸ ಆರಿಸಿ ಬೇರ್ಪಡಿಸುತ್ತಿದ್ದವರು ಇವರೇ. ಈಗ ಕಸ ಸಾಗುವ ಬೆಲ್ಟಿನ ಪಕ್ಕ ನಿಲ್ಲಲು ಪಕ್ಕೀರಮ್ಮ ಒಬ್ಬಳೇ ಸಾಕು. ಉಳಿದ ಹನ್ನೊಂದು ಮಂದಿಯನ್ನು ಒಣಹಾಕುವ ದಿನ ಮಾತ್ರ ಕರೆಸುತ್ತಾರೆ. ಇವತ್ತು ಏಳೂವರೆಗೆ ತೇವ ಪತ್ತೆಯಾದ ಮೇಲೆ ಮ್ಯಾನೇಜರ್ ಅವರಲ್ಲೊಬ್ಬಳಾದ ರೇಣುಕಾಗೆ ಫೋನ್ ಮಾಡಿದ್ದರು. ಒಂಬತ್ತಕ್ಕೆ ಎಲ್ಲರೂ ಬಂದಿದ್ದರು.

1.15ಕ್ಕೆ ಪಕ್ಕೀರಮ್ಮ ಬುತ್ತಿಯ ಗಂಟು ಬಿಚ್ಚಿದಳು. ಮೂವತ್ತಕ್ಕೆ ಕಡಿಮೆಯಿಲ್ಲದ ಜೋಳದ ರೊಟ್ಟಿ, ಡಬ್ಬಿ ತುಂಬ ಪುಂಡಿ ಪಲ್ಯ.

“ಬರ್ರಿ ಮೇಡಂ, ನೀವೂ ಕುಂದರ್ರಿ.”

ಗೀತಾಂಜಲಿ ಕೂತಳು. ವರ್ಗವಾಗಿ ಬಂದು ನಾಲ್ಕು ತಿಂಗಳು, ಕ್ವಾರ್ಟರ್ಸಿನಲ್ಲಿ ಫೋನ್ ನೋಡುತ್ತ ಒಬ್ಬಳೇ ಉಣ್ಣುವವಳು. ಯಾರೋ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಾಗ ಬೇಡವೆನ್ನಲಿಲ್ಲ. ಎರಡನೆಯದನ್ನು ಮುರಿಯುವಾಗ ಇಷ್ಟೊಂದು ರೊಟ್ಟಿಯ ಲೆಕ್ಕ ತಾಳೆಯಾಗದ್ದು ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಊಟವಾದ ಮೇಲೆ ಪಕ್ಕೀರಮ್ಮನನ್ನು ಶೆಡ್ಡಿಗೆ ಕರೆದಳು.

“ರೊಟ್ಟಿ ಎಷ್ಟೊತ್ತಿಗೆ ಬಡದ್ರಿ?”

“ನಾಕಕ್ಕ ಎದ್ದಿದ್ನ್ರಿ.”

“ಫೋನ್ ಹೋಗಿದ್ದು ಏಳೂವರಿಗೆ. ಇಷ್ಟು ಮಂದಿ ಬರ್ತಾರಂತ ನಾಕಕ್ಕ ನಿಮಗ ಯಾರು ಹೇಳಿದ್ರು?”

ಪಕ್ಕೀರಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು.

“ಮೊದಲ್ನೇ ಸಲ ನಲ್ಲಿ ಬಂದ್ ಮಾಡೋದು ಮರ್ತಿದ್ನ್ರಿ, ನೀರು ಹರದು ರಾಶಿ ನೆಂದಿತ್ತು. ಮರುದಿನ ಎಲ್ಲಾರೂ ಬಂದ್ರು. ಆಮ್ಯಾಲೆ ನಾನ ಸುರುವಿದೆ.”

“ಯಾಕ?”

“ಬೆಲ್ಟಿನ ಸಪ್ಪಳದಾಗ ದಿನಾ ಎಂಟು ತಾಸು ನಿಲ್ತೀನಿ. ಮನ್ಯಾಗೂ ಒಬ್ಬಾಕಿ. ಒಂದೊಂದು ದಿನ ನನ್ನ ದನಿ ನನಗ ಕೇಳಿರಂಗಿಲ್ರಿ.”

“ಭೀಮರಾಜನ ಕೆಲಸ ಹೋಗೇತಿ.”

“ನಿನ್ನೆ ಬಕೆಟ್ ಎತ್ತೋವಾಗ ಅದು ಗೊತ್ತಿರಲಿಲ್ರಿ. ಬರಕೊಳ್ರಿ, ನಾನ ಅಂತ. ಅವನ ಹೆಂಡ್ತಿ ಬಸುರಿ ಅದಾಳ.”

ಬಕೆಟ್ಟನ್ನು ಜಪ್ತಿ ಮಾಡಲಾಯಿತು. 4.40ಕ್ಕೆ ಠಾಣೆಯಲ್ಲಿ ಗೀತಾಂಜಲಿ ಬಂಧನದ ಮೆಮೊ ತಾನೇ ಬರೆಯತೊಡಗಿದಳು. ಕಳ್ಳರನ್ನು ಹಿಡಿದಾಗ ಆಗುವ ಸಮಾಧಾನದ ಒಂದು ಹನಿಯೂ ಇರಲಿಲ್ಲ.

“ಬಂಧನದ ವಿಷಯ ಯಾರಿಗೆ ತಿಳಿಸಬೇಕು?”

“ರೇಣುಕಾಗ.”

“ಆಕಿ ನಿಮಗೇನಾಗಬೇಕು?”

ಪಕ್ಕೀರಮ್ಮ ಯೋಚಿಸಿದಳು.

“ಏನೂ ಆಗಬೇಕಿಲ್ರಿ. ಒಂಬತ್ತು ವರ್ಷ ನನ್ನ ಎದುರಿಗೆ ನಿಂತು ಕಸ ಆರಿಸಿದ್ಲು.”

ಸಂಬಂಧ ಎಂಬ ಕಾಲಂನಲ್ಲಿ ಗೀತಾಂಜಲಿ ಅದನ್ನೇ ಬರೆದಳು.